ಚೀಲದಾಗ ಬಂದ್ರ ಕಾಯಿಪಲ್ಲೆ, ಉಡಿಯಾಗ ಬಂದ್ರ ತಪ್ಪಲ

ಎಲ್ಲಿಗೆ ಹೋದರೂ ನನಗೆ ಹೀಗೇ ಆಗುತ್ತದೆ. ಬೇರೆಯವರು ಊರೂರು ತಿರುಗಿ ಹತ್ತು ಪ್ರಶ್ನೆ ಕೇಳುತ್ತಾರೆ, ಹತ್ತು ಉತ್ತರ ಬರೆದುಕೊಳ್ಳುತ್ತಾರೆ, ಸಂಜೆ ಬಸ್ಸಿಗೆ ಮನೆ ಸೇರುತ್ತಾರೆ. ನಾನು ಒಂದೇ ಒಂದು ಪ್ರಶ್ನೆ ಕೇಳಿದರೆ ಸಾಕು, ಮನೆಮಂದಿಯೆಲ್ಲ ಕಟ್ಟೆಗೆ ಬಂದು ಕೂತು, ಬಾಜೂ ಮನೆಯವರೂ ಬಂದು ಸೇರಿ, ಕಡೆಗೆ ನನ್ನನ್ನೇ ತಪ್ಪಿತಸ್ಥಳನ್ನಾಗಿ ಮಾಡಿ ಕಳಿಸುತ್ತಾರೆ.

ಆ ಒಂದು ಪ್ರಶ್ನೆ ಇದು: ‘ಕಳೆದ ವಾರ ಎಷ್ಟು ದಿನ ತರಕಾರಿ ತಿಂದಿರಿ?’

ಇದನ್ನು ಕೇಳುವುದೇ ನನ್ನ ಉದ್ಯೋಗ. ಸಿಂಧನೂರು, ಲಿಂಗಸುಗೂರು, ಮಸ್ಕಿ, ಈ ಮೂರು ಊರಿನ ಸುತ್ತಮುತ್ತ ಮನೆಮನೆಗೆ ಹೋಗಿ ಜನ ಏನು ಉಣ್ಣುತ್ತಾರೆ ಎಂದು ಫಾರಂ ತುಂಬಬೇಕು, ಆಮೇಲೆ ಹೆಚ್ಚು ತರಕಾರಿ ತಿನ್ನಿ ಎಂದು ಬುದ್ಧಿ ಹೇಳಬೇಕು. ನನ್ನನ್ನು ಇಟ್ಟುಕೊಂಡ ಸಂಸ್ಥೆಯವರು ಇದಕ್ಕೆ ಆಹಾರ ಸಲಹೆಗಾರ್ತಿ ಎಂದು ದೊಡ್ಡ ಹೆಸರಿಟ್ಟಿದ್ದಾರೆ. ನಮ್ಮ ಅತ್ತೆ ಇಟ್ಟ ಹೆಸರು ಬೇರೆ: ‘ಮಂದಿ ಉಣ್ಣೋ ಗಂಗಾಳದಾಗ ಇಣಿಕಿ ನೋಡೋ ನೌಕರಿ.’

ಅತ್ತೆ ಏನೇ ಅನ್ನಲಿ, ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡು ಲಿಂಗಸುಗೂರಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತಾಗ ನನಗೆ ಆಗುವ ಖುಷಿ ನನಗೇ ಗೊತ್ತು. ನಮ್ಮ ತವರಲ್ಲಾಗಲಿ ಗಂಡನ ಮನೆಯಲ್ಲಾಗಲಿ ಇಂಥದೊಂದು ಚೀಟಿ ಹಾಕಿಕೊಂಡ ಮೊದಲ ಹೆಣ್ಣುಮಗಳು ನಾನೇ. ಆದರೆ ಅದು ವರ್ಷದ ಗುತ್ತಿಗೆಯ ನೌಕರಿ. ವರ್ಷದ ಕೊನೆಗೆ ಮೇಲಿನವರು ಬಂದು ನೋಡುತ್ತಾರೆ, ಜನ ತರಕಾರಿ ತಿನ್ನುತ್ತಿದ್ದರೆ ನಾನು ಕೆಲಸ ಮಾಡಿದ್ದೇನೆ ಎಂದರ್ಥ, ತಿನ್ನದಿದ್ದರೆ ಚೀಟಿ ವಾಪಸ್ ಕೊಡಬೇಕು. ಹಾಗಂತ ನಾನು ತಿಳಿದುಕೊಂಡಿದ್ದೆ.

ಇನ್ನೊಂದು ಕಟ್ಟುನಿಟ್ಟಿನ ನಿಯಮ ಇತ್ತು. ಜನ ಹೇಳಿದ್ದನ್ನು ಹೇಳಿದ ಹಾಗೆ ಬರೆಯಬೇಕು, ನಮ್ಮ ಜಾಣತನ ಸೇರಿಸಬಾರದು. ತರಬೇತಿಯಲ್ಲಿ ಇದನ್ನು ನಾಲ್ಕು ಸಲ ಹೇಳಿದ್ದರು. ನನ್ನ ಎಲ್ಲ ಕಷ್ಟಕ್ಕೂ ಮೂಲ ಇದೇ.

ಹೊಲದ ಬದುವಿನ ಮೇಲೆ

ಮೊದಲ ಫಾರಂ ತುಂಬಿದ್ದು ಜವಳಗೇರಾದಲ್ಲಿ. ಊರ ತುಂಬ ಭತ್ತ, ಆದರೆ ಕಾಲುವೆ ನೀರು ಹತ್ತದ ಎತ್ತರದ ತುಂಡಿನಲ್ಲಿ ಒಬ್ಬ ಹಿರಿಯ ಇನ್ನೂ ಜೋಳ ಹಾಕಿದ್ದ. ಮಧ್ಯಾಹ್ನ ಬೇವಿನ ಮರದ ಕೆಳಗೆ ಗಂಡ ಹೆಂಡತಿ ಬುತ್ತಿ ಬಿಚ್ಚಿ ಕೂತಿದ್ದರು. ನಾನು ಹೋಗಿ ಕೂತೆ, ಪ್ರಶ್ನೆ ಕೇಳಿದೆ. ತರಕಾರಿ ಅಂದರೆ ಅವನಿಗೆ ಪರಕೀಯ ಅನಿಸೀತು ಎಂದು ಕಾಯಿಪಲ್ಲೆ ಎಂದೇ ಕೇಳಿದೆ.

“ಕಾಯಿಪಲ್ಲೆ ಬಾಯಾಗ ಇಟ್ಟು ತಿಂಗಳ ಮ್ಯಾಲಾತವ್ವ” ಎಂದ ಹಿರಿಯ. ಅದನ್ನು ಹೇಳುವಾಗ ಅವನ ಬಾಯಿ ಹಸಿರಾಗಿತ್ತು. ರೊಟ್ಟಿಯ ಮೇಲೆ ಒಂದು ಹಿಡಿ ಹಕ್ಕರಕಿ ಇತ್ತು. ಹೊಲದಲ್ಲಿ ತಾನಾಗಿ ಬೆಳೆಯುವ ಎಲೆ, ಹಸಿದೇ ತಿನ್ನುತ್ತಾರೆ. ಪಕ್ಕದಲ್ಲಿ ಉಳ್ಳಾಗಡ್ಡಿ ತಪ್ಪಲು, ಅಂದರೆ ಈರುಳ್ಳಿ ಸೊಪ್ಪು, ಅದರ ಪಕ್ಕದಲ್ಲಿ ಮೆಂತ್ಯ.

“ಮತ್ತ ಇದೇನ್ರಿ?” ಎಂದೆ.

“ಇದು ತಪ್ಪಲ.”

“ಇದು ಕಾಯಿಪಲ್ಲೆ ಅಲ್ಲೇನು?”

ಹಿರಿಯ ತುತ್ತು ನುಂಗಿ, ಸಾಲಿ ಕಲಿತವಳಿಗೆ ಇಷ್ಟೂ ಗೊತ್ತಿಲ್ಲವಲ್ಲ ಎಂಬ ಮರುಕದಿಂದ ತಿಳಿಸಿ ಹೇಳಿದ: “ಸಂತಿಗೆ ಹೋಗಬೇಕು, ಗದ್ದಲದಾಗ ನಿಂದರಬೇಕು, ಚೌಕಾಸಿ ಮಾಡಬೇಕು, ಚೀಲದಾಗ ಹಾಕ್ಕೊಂಡು ಬರಬೇಕು. ಅದಕ್ಕ ಕಾಯಿಪಲ್ಲೆ ಅಂತಾರ. ಇದು ಈಕಿ ಉಡಿಯಾಗ ಬಂದೈತಿ.” ಹೆಂಡತಿಯ ಸೆರಗಿನ ಮಡಿಲು ತೋರಿಸಿದ.

“ಇದನ್ನೇ ಯಾರರ ಕಿತ್ತು ಸಿಂಧನೂರ ಬಜಾರದಾಗ ಮಾರಿದ್ರ?”

“ಯಾವ ಹುಚ್ಚ ತೊಗೊಂತಾನ?”

“ತೊಗೊಂತಾರ ರೀ, ಸೂಡು ಕಟ್ಟಿ ಮಾರ್ತಾರ. ನಾನೇ ನೋಡೀನಿ.”

ಅವನು ಇನ್ನೊಂದು ಎಲೆ ಬಾಯಿಗಿಟ್ಟ. “ಹಂಗಿದ್ರ ಅವರಿಗೆ ಅದು ಕಾಯಿಪಲ್ಲೆ. ಹಂಗ ಬರ್ಕೊ. ಸಿಂಧನೂರಾಗ ಕಾಯಿಪಲ್ಲೆ, ಜವಳಗೇರಾದಾಗ ತಪ್ಪಲ.”

ಹೇಳಿದ ಹಾಗೆ ಬರೆಯಬೇಕಲ್ಲ, ಸೊನ್ನೆ ಬರೆದೆ. ಅಷ್ಟರಲ್ಲಿ ಅವನ ಹೆಂಡತಿ ನನ್ನನ್ನು ಬರಿಗೈಯಲ್ಲಿ ಕಳಿಸಲು ಮನಸ್ಸು ಬರದೆ ಎರಡು ಹಿಡಿ ಹಕ್ಕರಕಿ ತಂದು ನನ್ನ ಆಫೀಸಿನ ಚೀಲಕ್ಕೆ ತುರುಕಿದಳು. ಹಿರಿಯ ಬೆರಳು ಮಾಡಿ ತೋರಿಸಿದ.

“ನೋಡವ್ವ, ಈಗ ಚೀಲದಾಗ ಬಿತ್ತು. ನಿಮ್ಮನಿ ಮುಟ್ಟೂದ್ರಾಗ ಅದು ಕಾಯಿಪಲ್ಲೆ ಆಕ್ಕೈತಿ. ನಿಂದೊಂದು ದಿನ ಬರ್ಕೊ.”

ಯಾರ ಖಾನೆಗೂ ಸೇರದ ನುಗ್ಗೆಕಾಯಿ

ಮಸ್ಕಿಯಲ್ಲಿ ಜಾಣತನ ಮಾಡಬೇಕು ಎಂದು ಹೋದೆ. ತಿಂದಿರಾ ಎಂದು ಕೇಳುವ ಬದಲು, ನಿನ್ನೆ ಏನು ಅಡುಗೆ ಮಾಡಿದಿರಿ ಎಂದು ಬುಡದಿಂದ ಕೇಳುತ್ತ ಬಂದರೆ ತರಕಾರಿ ತಾನಾಗಿ ಹೊರಗೆ ಬೀಳುತ್ತದೆ ಎಂಬುದು ನನ್ನ ಉಪಾಯ. ಕಿರಾಣಿ ಅಂಗಡಿಯವರ ಮನೆ. ಯಜಮಾನ್ತಿ ಕೈಯಲ್ಲಿ ಸೌಟು ಹಿಡಿದೇ ಬಾಗಿಲಿಗೆ ಬಂದರು.

“ನಿನ್ನೆ ಏನ್ ಮಾಡಿದ್ರಿ ಅಕ್ಕಾರ?”

“ಬ್ಯಾಳಿ ಸಾರು.”

“ಕಾಯಿಪಲ್ಲೆ ಏನರ ಹಾಕಿದ್ರೇನು?”

“ಇಲ್ಲ. ಬರೇ ಸಾರು.”

“ಟೊಮೆಟೊ ಹಾಕಿಲ್ಲ?”

“ಟೊಮೆಟೊ ಇಲ್ದ ಸಾರ್ ಆಕ್ಕೈತೇನು? ನಾಕು ಹಾಕೀನಿ.”

“ಅದು ಕಾಯಿಪಲ್ಲೆ ಅಲ್ಲೇನ್ರಿ?”

“ಅದು ಹುಳಿ.”

“ಉಳ್ಳಾಗಡ್ಡಿ?”

“ಅದು ಒಗ್ಗರಣಿ.”

“ಹಸಿಮೆಣಸಿನಕಾಯಿ?”

“ಅದು ಖಾರ. ಹುಳಿ ಖಾರ ಒಗ್ಗರಣಿ ಎಲ್ಲಾ ಕಾಯಿಪಲ್ಲೆ ಅಂದ್ರ, ಉಪ್ಪೂ ಕಾಯಿಪಲ್ಲೆನ ಏನು?”

ನಾನು ಬಿಡಲಿಲ್ಲ. ಕೊತ್ತಂಬರಿ, ಕರಿಬೇವು ಎಂದೆ. ಅದು ಕೊಸರು ಎಂದರು. ಕಾಯಿಪಲ್ಲೆಯವಳು ತೂಕ ಮುಗಿದ ಮೇಲೆ ಒಂದು ಚಿವುಟು ಸುಮ್ಮನೆ ಚೀಲಕ್ಕೆ ಹಾಕುತ್ತಾಳಲ್ಲ, ಅದು. ಪುಕ್ಕಟೆ ಬಂದದ್ದನ್ನು ತಮ್ಮ ಹೆಸರಿಗೆ ಬರೆಸಿಕೊಳ್ಳುವುದು ಅವರಿಗೆ ಸರಿ ಕಾಣಲಿಲ್ಲ.

ಅಷ್ಟರಲ್ಲಿ ಒಲೆಯ ಮೇಲಿನ ಸಾರಿನ ಘಮ ಬಂತು. ಇಣಿಕಿ ನೋಡಿದೆ, ನುಗ್ಗೆಕಾಯಿ ತೇಲುತ್ತಿತ್ತು. ಅತ್ತೆ ಹೇಳಿದ ನೌಕರಿಯನ್ನೇ ಮಾಡುತ್ತಿದ್ದೇನಲ್ಲ ಎಂದು ಒಂದು ಕ್ಷಣ ನಾಚಿಕೆಯಾಯಿತು, ಆದರೂ ಕೇಳಿದೆ. “ಮತ್ತ ಆ ನುಗ್ಗಿಕಾಯಿ?”

“ಅದು ನಮ್ದಲ್ಲ. ಬಾಜೂ ಮನಿಯವರ ಗಿಡದ್ದು. ಅವರಲ್ಲಿ ಕೇಳ್ರಿ.”

ಬಾಜೂ ಮನೆಗೆ ಹೋದೆ. ಅಲ್ಲಿಯ ಹೆಣ್ಣುಮಗಳು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಹೇಳಿದರು: “ಗಿಡ ನಮ್ದು ಖರೇ. ಆದ್ರ ನಮ್ಮನ್ಯಾಗ ಯಾರೂ ನುಗ್ಗಿಕಾಯಿ ತಿನ್ನಂಗಿಲ್ಲ ರೀ, ಹಂಚಿಬಿಡ್ತೀವಿ.”

ಹೀಗೆ ಒಂದು ಓಣಿ ಪೂರಾ ಊಟ ಮಾಡಿದ ನುಗ್ಗೆಕಾಯಿಯನ್ನು ಮಸ್ಕಿಯಲ್ಲಿ ಯಾರೂ ತಿಂದಿಲ್ಲ ಎಂದು ನಾನು ಸಹಿ ಮಾಡಿ ಕೊಟ್ಟಿದ್ದೇನೆ.

ಶುಕ್ರವಾರದ ಜಗಳ

ಲಿಂಗಸುಗೂರಿನಲ್ಲಿ ನಮ್ಮ ಓಣಿಯ ಹಿಂದೆಯೇ ಒಬ್ಬ ಖಾಲಾ ಇದ್ದಾರೆ. ಅವರ ಯಜಮಾನರು ಹೊಲಿಗೆ ಅಂಗಡಿ ಮಗನಿಗೆ ಬಿಟ್ಟುಕೊಟ್ಟು ಮನೆಯ ಮುಂದೆ ಕುರ್ಚಿ ಹಾಕಿಕೊಂಡು ಕೂರುವ ಚಾಚಾ. ಪರಿಚಯದ ಮನೆ, ಇಲ್ಲಾದರೂ ಸಲೀಸಾಗಿ ಫಾರಂ ತುಂಬೀತು ಎಂದುಕೊಂಡೆ.

ಖಾಲಾ ಬೆರಳು ಮಡಚುತ್ತ ದಿನ ಹೇಳುತ್ತ ಬಂದರು. ಶನಿವಾರ ಬೇಳೆ, ರವಿವಾರ ತತ್ತಿ, ಹೀಗೆ. ಶುಕ್ರವಾರ ಎಂದಾಗ ಅವರ ಮುಖ ಅರಳಿತು. “ಶುಕ್ರವಾರ ಪುಂಡಿ ಗೋಷ್ತ್ ಮಾಡಿದ್ನಮ್ಮಾ.” ಪುಂಡಿಪಲ್ಲೆ ಎಂಬ ಹುಳಿ ಸೊಪ್ಪಿನಲ್ಲಿ ಬೇಯಿಸಿದ ಮಟನ್ ಅದು. ಅದರ ರುಚಿ ಬಲ್ಲವಳು ನಾನು, ಫಾರಂ ಮರೆತು ಜೊಲ್ಲು ನುಂಗಿದೆ.

ತೊಡಕು ಏನೆಂದರೆ, ಫಾರಮಿನಲ್ಲಿ ಮಾಂಸಕ್ಕೆ ಒಂದು ಖಾನೆ, ತರಕಾರಿಗೆ ಒಂದು ಖಾನೆ. ನಾನು ಎರಡಕ್ಕೂ ಟಿಕ್ ಹಾಕಲು ಹೋದೆ. ಖಾಲಾ ನನ್ನ ಪೆನ್ನು ಹಿಡಿದರು.

“ತರಕಾರಿಗೆ ಯಾಕ ಹಾಕ್ತೀ? ಗೋಷ್ತ್‌ನಾಗ ಬಿದ್ದ ಮ್ಯಾಲ ಅದು ಗೋಷ್ತೇ. ಜುಮ್ಮಾ ದಿನ ನಮ್ಮನ್ಯಾಗ ಭಾಜಿ ತಿಂದ್ರು ಅಂತ ಬರೀತೀ ಏನು? ನಮ್ಮ ಬೀಗರು ಓದಿದ್ರ ಏನಂತಾರ?”

ಬೀಗರಿಗೆ ಯಾರೂ ಇದನ್ನು ಓದಿಸುವುದಿಲ್ಲ ಎಂದು ನಾನು ಹೇಳುವುದರೊಳಗೆ ಕುರ್ಚಿಯಿಂದ ಚಾಚಾನ ದನಿ ಬಂತು. “ತರಕಾರಿ ಅಂತಾನೇ ಬರೀ ಬೇಟಿ. ನನ್ನ ಗಂಗಾಳಕ್ಕ ಎರಡು ತುಂಡು ಬಂದಿದ್ವು. ಅದ್ರಾಗ ಒಂದು ಎಲುಬು.”

“ಎರಡು ಅಲ್ಲ, ಮೂರು” ಎಂದರು ಖಾಲಾ.

“ಮೂರನೇದ್ದು ಆಲೂಗಡ್ಡಿ. ನಾನೂ ಗೋಷ್ತ್ ಅಂತ ತಿಳ್ಕೊಂಡು ಕಡಿಗೆ ಇಟ್ಕೊಂಡಿದ್ದೆ.”

ಇದು ನಲವತ್ತು ವರ್ಷದ ಸಂಸಾರದ ಹಳೆಯ ಗಾಯ ಎಂದು ಕಾಣುತ್ತದೆ, ಜಗಳ ಹತ್ತಿಕೊಂಡಿತು. ಯಾವ ಹಬ್ಬಕ್ಕೆ ಎಷ್ಟು ತುಂಡು ಬಂದಿತ್ತು ಎಂಬುದೆಲ್ಲ ಹೊರಗೆ ಬಂತು. ನಾನು ಮಧ್ಯ ಕೂತು ಚಹಾ ಕುಡಿದೆ, ಎರಡನೇ ಕಪ್ಪೂ ಕುಡಿದೆ. ಕೊನೆಗೆ ಚಾಚಾ ಕೈ ಎತ್ತಿ ರಾಜಿ ಮಾಡಿದರು.

“ಹೋಗ್ಲಿ, ಹಿಂಗ ಬರ್ಕೊ. ವಾಸ್ನಿ ಗೋಷ್ತಿಂದು, ಹೊಟ್ಟಿಗೆ ಹೋಗಿದ್ದು ತರಕಾರಿ.”

ಫಾರಮಿನಲ್ಲಿ ವಾಸನೆಗೆ ಖಾನೆ ಇರಲಿಲ್ಲ.

ಸಲಹೆಗಾರ್ತಿಯ ಸ್ವಂತ ಮನೆ

ಊರವರನ್ನೆಲ್ಲ ಆಡಿಕೊಂಡ ಮೇಲೆ ನಮ್ಮ ಮನೆಯದನ್ನು ಮುಚ್ಚಿಟ್ಟರೆ ನ್ಯಾಯವಲ್ಲ. ಸಂತೆಯ ದಿನ ನಮ್ಮ ಯಜಮಾನರಿಗೆ ಚೀಲ ಕೊಟ್ಟು ಕಾಯಿಪಲ್ಲೆ ತನ್ನಿ ಎಂದು ಕಳಿಸಿದ್ದೆ. ಒಂದು ತಾಸು ಬಿಟ್ಟು ಖಾಲಿ ಚೀಲ ಮಡಚಿ ಬಗಲಲ್ಲಿ ಇಟ್ಟುಕೊಂಡು ಬಂದರು.

“ಏನಾತ್ರೀ?”

“ಸಂತ್ಯಾಗ ಕಾಯಿಪಲ್ಲೆನ ಇಲ್ಲ ಇವತ್ತು. ಬದನಿಕಾಯಿ ಖಾಲಿ, ಬೆಂಡಿಕಾಯಿ ಬಲ್ತಾವು.”

“ಸಂತಿ ಖಾಲಿ ಇತ್ತೇನು?”

“ಖಾಲಿ ಎಲ್ಲೀದು, ಕಾಲಿಡಾಕ ಜಾಗ ಇರಲಿಲ್ಲ. ಮೆಂತೆ, ರಾಜಗಿರಿ, ಸಬ್ಬಸಗಿ, ಪುಂಡಿ, ಗುಡ್ಡಿ ಗುಡ್ಡಿ ಬಿದ್ದಿತ್ತು. ತಪ್ಪಲ ಬಿಟ್ರ ಬ್ಯಾರೆ ಏನೂ ಇದ್ದಿಲ್ಲ.”

ನನಗೆ ಸಿಟ್ಟು ನೆತ್ತಿಗೇರಿತು. ಎಲ್ಲರಿಗೂ ಪಾಠ ಹೇಳುವವಳ ಗಂಡ ನೀವು, ಎಲೆಯೂ ತರಕಾರಿಯೇ ಎಂದು ನಿಮಗೆ ಎಷ್ಟು ಸಲ ಹೇಳಬೇಕು ಎಂದು ಅರ್ಧ ತಾಸು ಭಾಷಣ ಮಾಡಿದೆ. ಯಜಮಾನರು ಎಲ್ಲವನ್ನೂ ಶಾಂತವಾಗಿ ಕೇಳಿಸಿಕೊಂಡರು. ಆಮೇಲೆ ಅಡುಗೆಮನೆಯಿಂದ ಅತ್ತೆಯ ಮಾತು ಬಂತು.

“ಅದೆಲ್ಲಾ ಖರೇ ಇರಬೌದು. ಆದ್ರ ನಿನ್ನೆ ನಿಮ್ಮ ಕಮಲಾಪುರದ ಸೋದರತ್ತಿ ಫೋನ್ ಮಾಡಿದಾಗ ನೀನ ಅಂದಿ, ಮನ್ಯಾಗ ಕಾಯಿಪಲ್ಲೆ ಏನಿಲ್ಲ, ಮೆಂತೆಪಲ್ಲೆ ಮಾಡಾಕತ್ತೀನಿ ಅಂತ.”

ಗೊರೇಬಾಳದ ಬುಟ್ಟಿ

ಹೀಗೆ ವರ್ಷ ತುಂಬುತ್ತ ಬಂತು. ನಮ್ಮ ಪಕ್ಕದ ತಾಲ್ಲೂಕುಗಳನ್ನು ನೋಡಿಕೊಳ್ಳುವ ಸಹೋದ್ಯೋಗಿ ಒಬ್ಬರು ಇದ್ದರು. ಅವರ ಜನ ವಾರಕ್ಕೆ ಆರು ದಿನ ತರಕಾರಿ ತಿನ್ನುತ್ತಿದ್ದರು. ನನ್ನ ಜನ ಒಂದೂವರೆ ದಿನ. ಮೀಟಿಂಗಿನಲ್ಲಿ ಅವರಿಗೆ ಚಪ್ಪಾಳೆ ಬೀಳುತ್ತಿತ್ತು, ನಾನು ಟೇಬಲ್ಲಿನ ಕೆಳಗೆ ಚೀಟಿಯ ದಾರ ಬೆರಳಿಗೆ ಸುತ್ತುತ್ತ ಕೂರುತ್ತಿದ್ದೆ. ಈ ಸಲ ಹೋಯಿತು ಎಂದು ಖಾತ್ರಿಯಾಗಿತ್ತು. ಮನೆಯಲ್ಲಿ ಹೇಳಿಕೊಂಡು ಅತ್ತೆಗೆ ಖುಷಿ ಕೊಡಲು ಮನಸ್ಸಿರಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಎರಡು ಸಲ ಅತ್ತಿದ್ದೇನೆ.

ಅಷ್ಟರಲ್ಲಿ ಮೇಲಿನ ಮೇಡಂ ತಾವೇ ಬಂದು ಒಂದು ಊರು ನೋಡುತ್ತಾರೆ, ಊರು ನೀವೇ ಆರಿಸಿ ಎಂದು ಫೋನ್ ಬಂತು. ಮೇಡಂ ಮೈಸೂರಿನ ಕಡೆಯವರು. ನನಗೆ ಹೋದ ಜೀವ ಬಂದಂತಾಯಿತು. ಗೊರೇಬಾಳದಲ್ಲಿ ಒಬ್ಬ ಮುದುಕಿ ಇದ್ದಳು. ಅವಳ ಮನೆಯಲ್ಲಿ ಎಲೆ ಇಲ್ಲದ ಊಟವೇ ಇಲ್ಲ, ನಾನೇ ಎಷ್ಟೋ ಸಲ ಉಂಡು ಬಂದಿದ್ದೇನೆ. ಅವಳ ಹಿತ್ತಲನ್ನೇ ತೋರಿಸಿದರೆ ಮೇಡಂ ಬೆರಗಾಗಬೇಕು.

ಎರಡು ದಿನ ಮೊದಲೇ ಹೋಗಿ ಮುದುಕಿಯ ಕೈ ಹಿಡಿದು ಹೇಳಿದೆ. “ಯವ್ವಾ, ನನ್ನ ನೌಕರಿ ಈಗ ನಿನ್ನ ಕೈಯಾಗೈತಿ. ದೊಡ್ಡ ಮೇಡಂ ಬರ್ತಾರ. ನೀವು ದಿನಾ ಏನ್ ಉಣ್ತೀರೋ ಅದನ್ನ ಮಾಡ್ರಿ, ಅದನ್ನ ಹೇಳ್ರಿ. ಹೆಚ್ಚಿಗಿ ಏನೂ ಬ್ಯಾಡ.”

“ನೀ ಏನೂ ಚಿಂತಿ ಮಾಡಬ್ಯಾಡ ತಂಗಿ. ನಿನ್ನ ಮಾನ ಹೋಗಾಕ ಬಿಡ್ತೀನೇನು?” ಎಂದಳು.

ನಮ್ಮ ಕಡೆ ಯಾರಾದರೂ ಚಿಂತಿ ಮಾಡಬ್ಯಾಡ ಅಂದರೆ ಅಲ್ಲಿಂದಲೇ ಚಿಂತೆ ಶುರು ಮಾಡಬೇಕು. ನಾನು ಮಾಡಲಿಲ್ಲ.

ಆ ದಿನ ಮೇಡಮ್ಮಿನ ಜೀಪಿನಲ್ಲಿ ಇಬ್ಬರೂ ಹೋಗಿ ಇಳಿದರೆ ಅಂಗಳಕ್ಕೆ ರಂಗೋಲಿ, ಕುರ್ಚಿಗೆ ಹೊಸ ಟವೆಲ್. ಮುದುಕಿ ಮಡಿಕೆ ಮುರಿಯದ ಇಲಕಲ್ ಸೀರೆ ಉಟ್ಟಿದ್ದಳು. ಓಣಿಯ ಹೆಂಗಸರೆಲ್ಲ ಬಾಗಿಲಲ್ಲಿ ನಿಂತಿದ್ದರು. ಕೂತ ತಕ್ಷಣ ಗಂಗಾಳ ಬಂತು. ಹೋಳಿಗೆ, ಅದರ ಮೇಲೆ ತುಪ್ಪ, ಶಾವಿಗೆ ಪಾಯಸ, ಬಿಳಿ ಅನ್ನ, ಕಟ್ಟಿನ ಸಾರು, ಹಪ್ಪಳ, ಸಂಡಿಗೆ. ಹುಡುಕಿದರೂ ಒಂದು ಹಸಿರು ಎಲೆ ಇರಲಿಲ್ಲ. ಸಾರಿನ ಕರಿಬೇವನ್ನು ಕೂಡ ಆರಿಸಿ ತೆಗೆದಿದ್ದರು.

ನಾನು ಮುದುಕಿಯ ಕಡೆ ಕಣ್ಣು ಬಿಟ್ಟು ನೋಡಿದೆ. ಅವಳು ಹೆಂಗೈತಿ ವ್ಯವಸ್ಥೆ ಎಂಬಂತೆ ತಲೆ ಆಡಿಸಿದಳು.

ಮೇಡಂ ಫಾರಂ ತೆಗೆದರು. “ಅಜ್ಜಿ, ಮನೇಲಿ ದಿನಾ ಸೊಪ್ಪು ತರಕಾರಿ ತಿಂತೀರಾ?”

“ಏ ಬಿಡ್ರಿ ಮೇಡಮ್ಮಾರ” ಎಂದಳು ಮುದುಕಿ, “ಅಷ್ಟು ಬಡತನ ಏನ್ ಬಂದಿಲ್ಲ ನಮಗ.”

ನಾನು ಕೆಮ್ಮಿದೆ. ಸೊಸೆ ನೀರು ತಂದುಕೊಟ್ಟಳು. “ಹಂಗಲ್ಲ ಯವ್ವಾ, ಪುಂಡಿಪಲ್ಲೆ, ಹಕ್ಕರಕಿ, ಅದೂ ಇದೂ…” ಎಂದು ನಾನು ಶುರು ಮಾಡಿದರೆ ಸೊಸೆ ನನ್ನ ಮಾತನ್ನೇ ಕತ್ತರಿಸಿದಳು. “ತಪ್ಪಲ ನಾವು ಮುಟ್ಟಂಗೇ ಇಲ್ಲ ರೀ.”

ಬಾಗಿಲಲ್ಲಿದ್ದ ಹೆಂಗಸರಿಗೂ ಸುಮ್ಮನಿರಲಾಗಲಿಲ್ಲ. ಒಬ್ಬರ ಮನೆಯ ಮರ್ಯಾದೆ ಅಷ್ಟು ಮೇಲೆ ಹೋದಾಗ ಉಳಿದವರು ಕೆಳಗೆ ಉಳಿಯುವುದು ಹೇಗೆ? “ನಮ್ಮನ್ಯಾಗೂ ಇಲ್ಲ ರೀ” ಎಂದಳು ಒಬ್ಬಳು. “ಈ ಓಣ್ಯಾಗ ಯಾರೂ ತಿನ್ನಂಗಿಲ್ಲ” ಎಂದಳು ಇನ್ನೊಬ್ಬಳು. ಮೇಡಂ ಸಾಲಾಗಿ ಸೊನ್ನೆ ಬರೆಯುತ್ತ ಹೋದರು.

ಮೇಡಮ್ಮಿಗೆ ಸಕ್ಕರೆ ಕಾಯಿಲೆಯಂತೆ. ಹೋಳಿಗೆಯ ತುದಿ ಮುರಿದು, ಅನ್ನ ಎರಡು ತುತ್ತು ತಿಂದು, ಕೈ ತೊಳೆಯುತ್ತೇನೆ ಎಂದು ಹಸಿದ ಹೊಟ್ಟೆಯಲ್ಲೇ ಎದ್ದರು. ನಾನೂ ಹಿಂದೆ ಹೋದೆ. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಒಂದು ದೊಡ್ಡ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕಲ್ಲು ಹೇರಿದ್ದರು.

“ಕೋಳಿಮರಿನಾ?” ಎಂದರು ಮೇಡಂ, ಪ್ರೀತಿಯಿಂದ.

“ಹೂಂ ರೀ, ಕೋಳಿಮರಿ” ಎಂದಳು ಸೊಸೆ.

ನೋಡೋಣ ಎಂದು ಮೇಡಂ ಕಲ್ಲು ಸರಿಸಿ ಬುಟ್ಟಿ ಎತ್ತಿಯೇಬಿಟ್ಟರು. ಕೆಳಗೆ ಒಂದು ದೊಡ್ಡ ಪರಾತ. ಜೋಳದ ರೊಟ್ಟಿ ಒಂದರ ಮೇಲೊಂದು, ಪುಂಡಿಪಲ್ಲೆ, ಹಸಿ ಮೆಂತ್ಯ, ಹಕ್ಕರಕಿ, ಉಳ್ಳಾಗಡ್ಡಿ ತಪ್ಪಲು, ಗುರೆಳ್ಳು ಚಟ್ನಿ. ನಾವು ಹೋದ ಮೇಲೆ ಮನೆಮಂದಿ ಉಣ್ಣಲು ಇಟ್ಟುಕೊಂಡ ಊಟ ಅದು.

ಮುದುಕಿ ಮುಂದೆ ಬಂದಳು. “ಅದು ಎಮ್ಮಿಗೆ ಇಟ್ಟಿದ್ದು ರೀ.”

“ಎಮ್ಮೆಗೆ ಗುರೆಳ್ಳು ಚಟ್ನಿನೂ ಹಾಕ್ತೀರಾ?”

“ಹಾಲು ಚಲೋ ಕೊಡ್ತೈತಿ ರೀ.”

ಮೇಡಂ ಆ ಒಗೆಯುವ ಕಲ್ಲಿನ ಮೇಲೆ ಕೂತು ಪರಾತ ತೊಡೆಯ ಮೇಲೆ ಎಳೆದುಕೊಂಡರು. ಮುದುಕಿ ಬ್ಯಾಡ ಬ್ಯಾಡ ಎನ್ನುತ್ತಲೇ ಇದ್ದಳು, ಮೇಡಂ ಮೂರು ರೊಟ್ಟಿ ಮುಗಿಸಿದರು. ಪುಂಡಿಪಲ್ಲೆ ಎರಡು ಸಲ ಹಾಕಿಕೊಂಡರು. ನೌಕರಿ ಉಳಿಯಿತು ಎಂದುಕೊಂಡೆ.

ಮೇಡಂ ಕೈ ಒರೆಸಿಕೊಂಡು, ನಗುತ್ತ, ಸೊನ್ನೆ ಹೊಡೆದು ಹಾಕಲು ಪೆನ್ನು ತೆಗೆದರು. ಮುದುಕಿ ಅವರ ಮಣಿಕಟ್ಟು ಗಟ್ಟಿಯಾಗಿ ಹಿಡಿದಳು.

“ಉಣ್ರಿ, ಎಷ್ಟರ ಉಣ್ರಿ, ಬ್ಯಾಡ ಅನ್ನಂಗಿಲ್ಲ. ಬರೀಬ್ಯಾಡ್ರಿ. ಮನಿಗೆ ಬಂದ ದೊಡ್ಡಾಕಿಗೆ ತಪ್ಪಲ ಉಣಿಸಿ ಕಳಿಸಿದ್ಲು ಅಂತ ಕಾಗದದಾಗ ಬಿದ್ರ ನಾನು ಊರಾಗ ಹೆಂಗ ತಿರುಗಾಡ್ಲಿ? ಮೊಮ್ಮಗಳನ್ನ ನೋಡಾಕ ಮುಂದಿನ ವಾರ ಮಂದಿ ಬರಾಕತ್ತಾರ. ಬರಿಯಂಗಿಲ್ಲ ಅಂತ ನನ್ನ ಕೈಮ್ಯಾಲ ಕೈ ಇಡ್ರಿ.”

ಅವಳ ಕಣ್ಣಲ್ಲಿ ನೀರು ಬಂದಿತ್ತು, ಅದು ನಾಟಕವಲ್ಲ. ಮೇಡಂ ಒಂದು ನಿಮಿಷ ಅವಳ ಮುಖ ನೋಡಿದರು. ಆಮೇಲೆ ಅವಳ ಅಂಗೈ ಮೇಲೆ ಕೈ ಇಟ್ಟು ಮಾತು ಕೊಟ್ಟರು, ಪೆನ್ನಿಗೆ ಕ್ಯಾಪು ಹಾಕಿದರು.

ಜೀಪಿನಲ್ಲಿ ನಾನು ಬೇಡಿಕೊಂಡೆ. “ಮೇಡಂ, ಅವರು ತಿನ್ನೋದನ್ನ ನೀವೇ ನೋಡಿದ್ರಿ. ಬರೀರಿ ಮೇಡಂ.”

“ಅಜ್ಜಿಗೆ ಮಾತು ಕೊಟ್ಟಿದೀನಿ” ಎಂದರು. “ಅಲ್ಲದೆ ಜನ ಹೇಳಿದ್ದನ್ನ ಹೇಳಿದ ಹಾಗೆ ತಾನೆ ಬರೀಬೇಕು?”

ಮನೆಗೆ ಬಂದವಳೇ ಕೊರಳಿನ ಚೀಟಿ ತೆಗೆದು ಬೀರುವಿನಲ್ಲಿ ಸೀರೆಯ ಕೆಳಗೆ ಇಟ್ಟೆ. ಅತ್ತೆ ಅದನ್ನು ನೋಡಿ, ಕೇಳದೆಯೇ ಒಂದು ಲೋಟ ಚಹಾ ತಂದು ಕೊಟ್ಟರು, ಅದೇ ಹೆಚ್ಚು ನೋವಾಯಿತು.

ತಿಂಗಳು ಬಿಟ್ಟು ಕಾಗದ ಬಂತು. ನಿಂತೇ ಓದಿದೆ, ಆಮೇಲೆ ಕೂತು ಓದಿದೆ. ಪಕ್ಕದ ತಾಲ್ಲೂಕುಗಳಲ್ಲಿ ಜನ ವಾರಕ್ಕೆ ಆರು ದಿನ ತರಕಾರಿ ತಿನ್ನುತ್ತಿರುವುದರಿಂದ ಅಲ್ಲಿ ಸಲಹೆಗಾರರ ಅಗತ್ಯ ಇನ್ನಿಲ್ಲ, ಆ ಹುದ್ದೆ ರದ್ದು. ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗದ ಪರಿಸ್ಥಿತಿ ಮಾತ್ರ ತೀರಾ ಕಳವಳಕಾರಿಯಾಗಿದ್ದು, ಅದರಲ್ಲೂ ಗೊರೇಬಾಳದಲ್ಲಿ ತರಕಾರಿ ಸೇವನೆಯೇ ಇಲ್ಲದಿರುವುದರಿಂದ, ನನ್ನ ಗುತ್ತಿಗೆಯನ್ನು ಎರಡು ವರ್ಷ ಮುಂದುವರಿಸಲಾಗಿದೆ.

ಮರುದಿನವೇ ಮೊದಲ ಬಸ್ಸು ಹಿಡಿದು ಗೊರೇಬಾಳಕ್ಕೆ ಹೋದೆ. ಮುದುಕಿ ಕಟ್ಟೆಯ ಮೇಲೆ ಮೊರ ಇಟ್ಟುಕೊಂಡು ಪುಂಡಿಪಲ್ಲೆ ಸೋಸುತ್ತಿದ್ದಳು. ಕಾಗದದಲ್ಲಿ ಇದ್ದದ್ದನ್ನೆಲ್ಲ ಬಿಡಿಸಿ ಹೇಳಿದೆ. ಅವಳು ಕೆಲಸ ನಿಲ್ಲಿಸದೆ ಕೇಳಿಸಿಕೊಂಡಳು.

“ಬರೇ ಎರಡು ವರ್ಷ?” ಎಂದಳು. “ಮೇಡಮ್ಮಾರಿಗೆ ಇನ್ನೊಮ್ಮೆ ಬರಾಕ ಹೇಳು ತಂಗಿ. ನೀ ರಿಟೈರ್ ಆಗೂತನಕ ಈ ಊರಾಗ ಯಾರೂ ತಪ್ಪಲ ಮುಟ್ಟಂಗಿಲ್ಲ.”

ಹೇಳಿ, ಮೊರ ನನ್ನ ಕಡೆ ತಳ್ಳಿದಳು. “ಸುಮ್ನ ಯಾಕ ಕುಂತಿ, ಸೋಸು. ಹನ್ನೆರಡು ಮಂದಿ ಉಣ್ಣೋರು ಅದೀವಿ.”